ಬೂಟಿನ ಲೇಸ್ ಹರೀತು, ಯಾವುದು ಹಾಕಲಿ? ಅನುಭವ ಇದ್ದವರು ಹೇಳಿ

ಹೊಸಹೆಜ್ಜೆ: ನನ್ನದು ಚಾರಣದ ಬೂಟು. ಒಂದೊಂದು ಬದಿಗೆ ಐದು ತೂತು, ಮೇಲೆ ಮೂರು ಕೊಕ್ಕೆ. ಎಡಗಾಲಿನ ಲೇಸ್ ಮೊದಲ ಕೊಕ್ಕೆ ಹತ್ತಿರ ಪಟ್ಟಂತ ಹರೀತು. ಬೂಟು ಇನ್ನೂ ಗಟ್ಟಿಮುಟ್ಟಾಗಿದೆ. ಎಷ್ಟು ಉದ್ದದ್ದು ತಗೊಳ್ಳಲಿ? ದುಂಡನೆಯದಾ, ಚಪ್ಪಟೆಯದಾ?

ಗುಡ್ಡದಾರಿ: ಎಂಟು ಜೋಡಿಗೆ 150 ಸೆಂ.ಮೀ. ಸಾಕು ಅಂತ ನನಗೂ ಹೇಳಿದ್ದರು. ಹೇಳೋರಿಗೇನು? ನನ್ನ ಬೂಟಿನ ನಾಲಿಗೆ ದಪ್ಪ, ಚಳಿಗೆ ದಪ್ಪ ಸಾಕ್ಸ್ ಬೇರೆ. ಕೊನೆಯ ಕೊಕ್ಕೆ ಸುತ್ತಿದ ಮೇಲೆ ಗಂಟು ಹಾಕೋಕೆ ಬೆರಳುದ್ದ ಉಳೀತು ಅಷ್ಟೇ. ಅದನ್ನು ಮೂಲೆಗೆಸೆದು 180 ತಂದೆ. ಆಗ ಕುಣಿಕೆ ಉದ್ದ ಆಯ್ತು. ಇಳಿಜಾರಿನಲ್ಲಿ ಬಲಗಾಲಿನ ಕುಣಿಕೆ ಎಡಗಾಲಿನ ಕೊಕ್ಕೆಗೆ ಸಿಕ್ಕಿಕೊಂಡು ಮಕಾಡೆ ಬಿದ್ದೆ. ಮೊಣಕಾಲು ತರಚಿತು, ಪ್ಯಾಂಟ್ ಹರಿಯಿತು. ಲೇಸ್ ಕತ್ತರಿಸೋಣ ಅಂದ್ರೆ ತುದಿಯ ಪ್ಲಾಸ್ಟಿಕ್ ಹೋಗುತ್ತೆ. ಅದಕ್ಕೆ ಹೀಟ್ ಶ್ರಿಂಕ್ ಟ್ಯೂಬ್ ಬೇಕು, ವೈರ್ ಜೋಡಣೆಗೆ ಹಾಕೋ ಪ್ಲಾಸ್ಟಿಕ್ ಕೊಳವೆ. ಬೇಕಾದದ್ದು ಎರಡು ಸೆಂ.ಮೀ.ನ ಎರಡು ತುಂಡು, ಕೊಳ್ಳಬೇಕಾದದ್ದು ಮೀಟರುಗಟ್ಟಲೆ. 4 ಮಿ.ಮೀ. ಟ್ಯೂಬನ್ನು ತುದಿಗೆ ತೂರಿಸಿ ಬಿಸಿ ತೋರಿಸಿದರೆ ಅರ್ಧಕ್ಕರ್ಧ ಕುಗ್ಗಿ ಕಚ್ಚಿಕೊಳ್ಳುತ್ತೆ. ಅದೊಂದು ಚೆನ್ನಾಗಿ ಬಂತು. ಆದರೆ ಎರಡು ಜೋಡಿ ಲೇಸು, ಟ್ಯೂಬು, ಪ್ಯಾಂಟು ಎಲ್ಲ ಸೇರಿಸಿದರೆ ಅರ್ಧ ಬೂಟಿನ ದುಡ್ಡು ಹೋಯ್ತು.

ಮೇಣದದಾರ: ಶೂಗೆ ವೈರಿಂಗ್ ಸಾಮಾನು! ನನ್ನದು ಆಫೀಸ್ ಶೂ. ಐದು ಜೋಡಿ ತೂತು, ಮೇಣ ಹಚ್ಚಿದ ತೆಳ್ಳನೆ ಹತ್ತಿ ಲೇಸ್, 75 ಸೆಂ.ಮೀ. ಮೊದಲು ಪಾಲಿಯೆಸ್ಟರಿನ ದುಂಡು ಲೇಸ್ ಇತ್ತು. ಮೀಟಿಂಗ್ ರೂಮಿಗೆ ಹೋಗೋಷ್ಟರಲ್ಲಿ ಬಿಚ್ಚಿಕೊಂಡಿರುತ್ತಿತ್ತು. ಎಲ್ಲರೆದುರು ಬಗ್ಗಿ ಕಟ್ಟಿಕೊಳ್ಳೋ ಮರ್ಯಾದೆಗೇಡು ಬೇರೆ. ಮೇಣದ್ದು ಹಾಕಿದ ಮೇಲೆ ಗಂಟು ಸಂಜೆವರೆಗೂ ಅಲ್ಲಾಡಿಲ್ಲ. ತುದಿ ಬಿಚ್ಚಿಕೊಂಡರೆ ಹೊಲಿಗೆ ದಾರ ಬಿಗಿಯಾಗಿ ಸುತ್ತಿ ಸೂಪರ್ ಗ್ಲೂ ಹಾಕಿ. ಟ್ಯೂಬೂ ಬೇಡ, ಗೀಬೂ ಬೇಡ.

ಗುಡ್ಡದಾರಿ: ಹತ್ತಿಗೆ ಸೂಪರ್ ಗ್ಲೂ ಸುರಿದರೆ ಬಿಸಿಯೇರಿ ಬೆರಳು ಸುಡುತ್ತೆ ಸ್ವಾಮಿ. ಸುಮ್ನೆ ಜನರಿಗೆ ಹೇಳಿಕೊಡಬೇಡಿ.

ಮೇಣದದಾರ: ಸುರೀರಿ ಅಂತ ಯಾರು ಹೇಳಿದ್ರು? ಒಂದು ಹನಿ. ಪ್ಯಾಂಟ್ ಹರಿದ ಸಿಟ್ಟು ನನ್ನ ಮೇಲೆ ಯಾಕೆ?

ತೊಗಲಕ್ಕ: ಎಲ್ಲ ದಾರದಲ್ಲೇ ಮುಳುಗಿದ್ದೀರಿ. ನಾನು ಚರ್ಮದ ಲೇಸ್ ಬಿಟ್ಟು ಬೇರೆ ಮುಟ್ಟಲ್ಲ. ಹೊಸದರಲ್ಲಿ ಹಿಗ್ಗುತ್ತೆ, ನೆನೆದರೆ ಇನ್ನೂ ಹಿಗ್ಗುತ್ತೆ. ಒಣಗಿದ ಮೇಲೆ ಸೆಟೆದುಕೊಂಡು ತೂತಿನ ಹತ್ತಿರ ಬಿರುಕು ಬಿಡುತ್ತೆ. ಆಗಾಗ ಜಿಡ್ಡು ಸವರಬೇಕು. ಸವರಿದರೆ ಸಾಕ್ಸಿಗೆ ಕಲೆ. ಹಾಗಂತ ಬಿಟ್ಟಿಲ್ಲ.

ಮೇಣದದಾರ: ಹಿಗ್ಗುತ್ತೆ, ಸೆಟೆಯುತ್ತೆ, ಬಿರಿಯುತ್ತೆ, ಕಲೆ ಮಾಡುತ್ತೆ. ಇದು ಹೊಗಳಿಕೆನಾ ಅಕ್ಕ?

ತೊಗಲಕ್ಕ: ಆರೈಕೆ ಮಾಡೋಕೆ ಬಾರದವರಿಗೆ ಚರ್ಮ ಅಲ್ಲ ಬಿಡಿ.

ಏಳೆಳೆ: ಇಷ್ಟೆಲ್ಲ ಯಾಕೆ? 550 ಪ್ಯಾರಾಕಾರ್ಡ್ ಹಾಕಿ, ಪ್ಯಾರಾಚೂಟಿಗೆ ಕಟ್ಟೋ ಥರದ ತೆಳು ನೈಲಾನ್ ಹಗ್ಗ. ಸುಮಾರು 250 ಕೆ.ಜಿ. ಭಾರ ತಡೆಯುತ್ತೆ. ಒಳಗಿನ ಎಳೆಗಳನ್ನು ಮಾತ್ರ ಎಳೆದು ತೆಗೆಯಬೇಕು, ಇಲ್ಲದಿದ್ದರೆ ತೂತಿಗೆ ದಪ್ಪ ಆಗುತ್ತೆ. ಹೊರಗಿನ ಹೆಣಿಗೆ ಒಳಗಿನ ಎಳೆ ಮೇಲೆ ಜಾರಿ ತುದಿಯೂ ಪೊಳ್ಳಾಗುತ್ತೆ. ನೈಲಾನ್ ಆದ್ದರಿಂದ ಲೈಟರ್ ತೋರಿಸಿದರೆ ತುದಿ ಕರಗಿ ಗಟ್ಟಿಯಾಗುತ್ತೆ. ಬಿಸಿ ಇರುವಾಗ ಬೆರಳಲ್ಲಿ ಹೊಸೆಯೋಕೆ ಹೋಗಬೇಡಿ, ಚರ್ಮಕ್ಕೆ ಅಂಟಿಕೊಳ್ಳುತ್ತೆ. ಬೇಕಾದಷ್ಟು ಉದ್ದಕ್ಕೆ ನೀವೇ ಕತ್ತರಿಸಿಕೊಳ್ಳಬಹುದು. ಅಳತೆಯ ಜಗಳವೇ ಇಲ್ಲ.

ಗುಡ್ಡದಾರಿ: ಎಳೆ ತೆಗೆದ ಮೇಲೆ 250 ಎಲ್ಲಿ ಉಳೀತು ಗುರು? ಅಷ್ಟಕ್ಕೂ ಬೂಟಿನ ಲೇಸ್ ಎಳೆತಕ್ಕೆ ಹರಿಯೋದು ಕಡಿಮೆ, ಉಜ್ಜಾಟಕ್ಕೇ ಜಾಸ್ತಿ. ಕೊಕ್ಕೆಯ ಒಳಬದಿಗೆ ಹತ್ತಿ ಚೂರು ಉಜ್ಜಿ ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಲೋಹ ಮುಳ್ಳೆದ್ದಿದೆ ಅಂತ. ಅದನ್ನು ಹಾಗೇ ಬಿಟ್ಟು ಏನು ಕಟ್ಟಿದರೂ ಅಲ್ಲೇ ಹರಿಯುತ್ತೆ. ನಾನು ಕೆವ್ಲಾರ್ (ಗುಂಡು ತಡೆಯೋ ಜಾಕೆಟ್ಟಿಗೆ ಹಾಕೋ ಗಟ್ಟಿ ನಾರು) ಎಳೆ ಇರೋ ಲೇಸನ್ನೂ ಹಾಕಿದ್ದೆ. ಹೊರಗಿನ ಪಾಲಿಯೆಸ್ಟರ್ ಹೆಣಿಗೆ ಹರಿದು ಒಳಗಿನ ಹಳದಿ ಎಳೆ ಇಣುಕಿತು. ಲೈಟರಿಗೆ ಆ ಎಳೆ ಕರಗಲೂ ಇಲ್ಲ. ದುಬಾರಿ ಮಾಲು ಅದು.

ಗಂಟುಗಾರ: ಲೇಸ್ ಯಾವುದಾದರೇನು, ಗಂಟು ಸರಿ ಇದ್ದರೆ ಸಾಕು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಬರೆದರು. ಓಡುವಾಗ ಪಾದ ನೆಲಕ್ಕೆ ಬಡಿಯೋ ಬಲ ಗುರುತ್ವದ ಏಳು ಪಟ್ಟು. ಆ ಏಟಿಗೆ ಗಂಟು ಸಡಿಲ ಆಗುತ್ತೆ, ಬೀಸೋ ತುದಿಗಳು ಅದನ್ನು ಎಳೆದು ಬಿಚ್ಚುತ್ತವೆ. ಕುಣಿಕೆ ಬೂಟಿಗೆ ಅಡ್ಡಕ್ಕೆ ಕೂರದೆ ಉದ್ದಕ್ಕೆ ತಿರುಗಿದರೆ ಗಂಟೇ ತಪ್ಪು. ಮೊದಲ ಸುತ್ತನ್ನು ಉಲ್ಟಾ ಹಾಕಿ. ಮೇಣದದಾರ ಅವರ ಮರ್ಯಾದೆ ಹೋಗಿದ್ದು ಪಾಲಿಯೆಸ್ಟರಿನಿಂದ ಅಲ್ಲ.

ಮೇಣದದಾರ: ಚಿಕ್ಕಂದಿನಿಂದ ಗಂಟು ಹಾಕ್ತಿದ್ದೀನಿ. ನಿಮ್ಮಿಂದ ಕಲೀಬೇಕಾ?

ಗಂಟುಗಾರ: ಚಿಕ್ಕಂದಿನಲ್ಲಿ ಕಲಿತದ್ದೇ ತೊಂದರೆ ಸಾರ್.

ಹೊಸಹೆಜ್ಜೆ: ಯಾರೂ ಕೋಪ ಮಾಡ್ಕೋಬೇಡಿ. ಹರಿದ ಎರಡೂ ತುಂಡು ಜೋಡಿಸಿ ಅಳೆದೆ, 158 ಬಂತು. 160ರ ಪಾಲಿಯೆಸ್ಟರ್ ದುಂಡು ಲೇಸ್ ತಂದಿದ್ದೀನಿ. ಹತ್ತಿ ಉಜ್ಜಿ ನೋಡಿದೆ, ಕೊಕ್ಕೆಗೆ ಎಳೆ ಸಿಕ್ಕಿಕೊಳ್ತಿದೆ. ಏನು ಮಾಡಲಿ? ಬಲಗಾಲಿನ ಲೇಸ್ ಚೆನ್ನಾಗಿಯೇ ಇದೆ, ಅದನ್ನೂ ಬದಲಿಸಬೇಕಾ?

ಗುಡ್ಡದಾರಿ: ನಯವಾದ ಸ್ಯಾಂಡ್‌ಪೇಪರ್ ಸುರುಳಿ ಸುತ್ತಿ ಕೊಕ್ಕೆ ಒಳಗೆ ಉಜ್ಜಿ. ಹತ್ತಿ ಸಲೀಸಾಗಿ ಜಾರೋವರೆಗೆ. ಲೇಸ್ ಎರಡೂ ಬದಲಿಸಿ. ಎರಡೂ ಒಂದೇ ವಯಸ್ಸಿನವು.

ತೊಗಲಕ್ಕ: ಉಜ್ಜಿದರೆ ಮೇಲಿನ ಲೇಪ ಹೋಗಿ ಕೊಕ್ಕೆ ತುಕ್ಕು ಹಿಡಿಯುತ್ತೆ. ಆಮೇಲೆ ತುಕ್ಕೇ ಲೇಸನ್ನು ತಿನ್ನುತ್ತೆ. ಕೊಕ್ಕೆನೇ ಬದಲಿಸಿ.

ಏಳೆಳೆ: ಕೊಕ್ಕೆ ಬದಲಿಸೋ ದುಡ್ಡಿಗೆ ಪ್ಯಾರಾಕಾರ್ಡ್ ಇಡೀ ಸುರುಳಿ ಬರುತ್ತೆ.

ಗುಡ್ಡದಾರಿ: ಬರಲಿ. ಎಳೆ ಕಿತ್ತು ಹಾಕೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತಾನೂ ಬರೀರಿ.