ಎಲ್ಲ ಭಾಷೆಯವರೂ ಸೇರುವ ಆರಾಧನೆಯಲ್ಲಿ ಅರ್ಧ ಸಭೆ ಬಾಯೇ ಬಿಡುವುದಿಲ್ಲ, ಏನು ಮಾಡೋದು?

ಹಿಂದಿನ ಬೆಂಚು:
ನಮ್ಮದು ಬೆಂಗಳೂರಿನ ಹೊರಗಿರುವ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್) ಸಭೆ, ಅಂದರೆ ಚರ್ಚು. ಮೊದಲು ಬರೀ ಕನ್ನಡದವರಿದ್ದೆವು. ಈಗ ತಮಿಳಿನವರು, ತೆಲುಗಿನವರು, ಮಿಜೋರಾಂನಿಂದ ಕೆಲಸಕ್ಕೆ ಬಂದ ಮಿಜೋ ಹುಡುಗ ಹುಡುಗಿಯರು ಎಲ್ಲ ಇದ್ದಾರೆ. ತಿಂಗಳ ಮೊದಲ ಭಾನುವಾರ ಒಟ್ಟಿಗೆ ಆರಾಧನೆ, ಕರ್ತನ ಭೋಜನ. ಎಲ್ಲರಿಗೂ ಅರ್ಥವಾಗಲಿ ಅಂತ ಇಂಗ್ಲಿಷ್ ಹಾಡುಗಳನ್ನೇ ಪರದೆ ಮೇಲೆ ಹಾಕುತ್ತೇವೆ (ಪ್ರೊಜೆಕ್ಟರ್ ನೋಡಿಕೊಳ್ಳುವವನು ನಾನೇ). ಮುಂದಿನ ಸಾಲಿನ ಅಜ್ಜಿಯಂದಿರು ಕನ್ನಡ ಸಂಗೀತ ಪುಸ್ತಕ ತೊಡೆ ಮೇಲಿಟ್ಟುಕೊಂಡು ಸುಮ್ನೆ ಕೂತಿರುತ್ತಾರೆ. ಹೋದ ತಿಂಗಳು ಒಬ್ಬರು ಕೇಳಿಯೇ ಬಿಟ್ಟರು, "ಏನಪ್ಪಾ, ಮೊದಲ ಭಾನುವಾರ ಕರ್ತನಿಗೆ ಕನ್ನಡ ಬರಲ್ವಾ?"

ಭಾಷೆಗೊಂದು ಹಾಡನ್ನೂ ಮಾಡಿ ನೋಡಿದೆವು. ಆರಾಧನೆ ಎರಡೂವರೆ ಗಂಟೆ ಎಳೆಯಿತು, ಒಬ್ಬರು ಹಾಡುವಾಗ ಉಳಿದವರು ಮೊಬೈಲ್ ನೋಡುತ್ತಿದ್ದರು.

ಹಳೇ ಕ್ವಾಯರ್:
ಹಾಡು ಜಾಸ್ತಿ ಮಾಡಬೇಡಿ, ಚಿಕ್ಕದು ಮಾಡಿ. ಫ್ರಾನ್ಸಿನ ತೇಝೆ ಅನ್ನುವ ಹಳ್ಳಿಯಲ್ಲಿ 1940ರಲ್ಲಿ ಶುರುವಾದ ಒಂದು ಮಠ ಇದೆ. ಹತ್ತಾರು ದೇಶದ ಯುವಕರು ಬರುತ್ತಾರೆ, ಹಾಗಾಗಿ ಅಲ್ಲಿ ಒಂದೆರಡು ಸಾಲನ್ನೇ ಮತ್ತೆ ಮತ್ತೆ ಹಾಡುತ್ತಾರೆ. ನೀವೂ ಕನ್ನಡದ ಒಂದು ಪಲ್ಲವಿ ಹಿಡಿಯಿರಿ, ಮೂರು ವಾರ ಆರಾಧನೆಗೆ ಮುಂಚೆ ಹತ್ತು ನಿಮಿಷ ಕಲಿಸಿ. ಆಮೇಲೆ ತಮಿಳಿನದೊಂದು. ಪರದೆ ಮೇಲೆ ತಮಿಳು ಹಾಡನ್ನು ಕನ್ನಡ ಲಿಪಿಯಲ್ಲೂ ಹಾಕಿ, ಅಜ್ಜಿಯಂದಿರು ಓದಿಕೊಂಡು ಹಾಡುತ್ತಾರೆ.

ಮಿಜೋ ಮಕ್ಕಳನ್ನು ಬಿಡಬೇಡಿ! ಅವರ ಸಭೆಗಳಲ್ಲಿ ಟಾನಿಕ್ ಸೋಲ್ಫಾ (ಡೊ, ರೆ, ಮಿ ಸ್ವರಗಳನ್ನು ಅಕ್ಷರದಲ್ಲಿ ಬರೆಯುವ ಪದ್ಧತಿ) ನೋಡಿಯೇ ನಾಲ್ಕು ದನಿಯಲ್ಲಿ ಹಾಡುವ ರೂಢಿ. ನಮ್ಮ ಕ್ವಾಯರ್‌ನಲ್ಲಿ ಒಂದು ಹಳೇ ಕನ್ನಡ ಹಾಡಿಗೆ ಸೋಲ್ಫಾ ಬರೆದುಕೊಟ್ಟಿದ್ದೆ, ಕನ್ನಡ ಒಂದಕ್ಷರ ಬಾರದ ಹುಡುಗ ಬೇಸ್ (ಎಲ್ಲಕ್ಕಿಂತ ಕೆಳಗಿನ ದನಿ) ಎತ್ತಿದ ನೋಡಿ, ನಾವೇ ಹಾಡು ನಿಲ್ಲಿಸಿ ಕೇಳಿದೆವು. ಖುವಾಂಗ್ ಅಂತ ಅವರದೊಂದು ಡೋಲು ಇರುತ್ತದೆ, ಅದನ್ನೂ ತರಲು ಹೇಳಿ.

ಕುಡ್ಲದವಳು:
ನಾನು ಕೆಥೊಲಿಕ್, ಆದರೂ ಹೇಳುತ್ತೇನೆ. ಸೆಪ್ಟೆಂಬರ್ 8 ನಮಗೆ ಮೊಂತಿ ಫೆಸ್ತ್, ಹೊಸ ತೆನೆಯ ಹಬ್ಬ. ತೆನೆಗೆ ಆಶೀರ್ವಾದ ಮಾಡಿಸಿ ಮನೆಗೆ ತಂದು, ಕಾಳು ಸುಲಿದು ಪುಡಿಮಾಡಿ ಹಾಲಿಗೆ ಹಾಕಿ ಎಲ್ಲರೂ ಕುಡಿಯುತ್ತೇವೆ. ನಮ್ಮ ಇಗರ್ಜಿಯ ತಮಿಳಿನವರಿಗೆ ಅದೇ ದಿನ ವೇಳಾಂಕಣಿ ಮಾತೆಯ ಹಬ್ಬ. ವರ್ಷಗಟ್ಟಲೆ ಬೇರೆ ಬೇರೆ ಪೂಜೆ, ಗಂಟೆಗೊಂದು ಗುಂಪು. ಒಂದು ವರ್ಷ ತೆನೆ ಜಾಸ್ತಿ ಬಂದಿತ್ತು, ಸುಮ್ನೆ ತಮಿಳು ಪೂಜೆಯಿಂದ ಹೊರಬರುವವರ ಕೈಗೂ ಒಂದೊಂದು ಕೊಟ್ಟೆವು. ಮುಂದಿನ ವರ್ಷ ಅವರೇ ಬಂದು "ತೆನೆ ಎಷ್ಟು ಗಂಟೆಗೆ?" ಅಂತ ಕೇಳಿದರು. ಹಾಡಿಗಿಂತ ಮೊದಲು ಹಬ್ಬ ಹಂಚಿಕೊಳ್ಳಿ.

ಚಾಪೆ ಮಡಿಸುವವನು:
ಇಬ್ಬರೂ ಹೇಳಿದ್ದು ಸರಿ, ಆದರೆ ತೊಂದರೆ ಹಾಡಿನದಲ್ಲ ಅನ್ನಿಸುತ್ತೆ. ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೆದು ನೋಡಿ. ಮೊದಲ ಸಭೆಯಲ್ಲಿ ಭಾಷೆಯ ಜಗಳ ಎದ್ದಿದ್ದು ಊಟ ಬಡಿಸುವಾಗ! ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಪಾಲು ಸಿಗುತ್ತಿಲ್ಲ ಅಂತ ಗುಣುಗುಟ್ಟಿದರು. ಆಗ ಅಪೊಸ್ತಲರು ಆ ಭಾಷೆಯಲ್ಲೊಂದು ಹಾಡು ಹಾಡಿಸಿ ಕೈತೊಳೆದುಕೊಳ್ಳಲಿಲ್ಲ. ಸಭೆಯವರಿಗೇ ಏಳು ಜನರನ್ನು ಆರಿಸಲು ಹೇಳಿ, ಆ ಏಳು ಜನರಿಗೆ ಬಡಿಸುವ ಕೆಲಸವನ್ನೇ ಕೊಟ್ಟರು. ಸ್ತೆಫನ, ಫಿಲಿಪ್ಪ ಅಂತ ಓದುತ್ತಾ ಹೋಗಿ, ಏಳೂ ಗ್ರೀಕ್ ಹೆಸರುಗಳು. ನಿಮ್ಮ ಕಮಿಟಿಯಲ್ಲಿ ಯಾರ್‍ಯಾರಿದ್ದಾರೆ? ಬೈಬಲ್ ಓದುವವರು, ಕಾಣಿಕೆ ಎತ್ತುವವರು ಯಾರು? ನಮ್ಮಲ್ಲಿ ಬೇರೆ ಭಾಷೆಯವರಿಗೆ ಸಿಕ್ಕ ಕೆಲಸ ಕುರ್ಚಿ ಜೋಡಿಸುವುದೊಂದೇ ಆಗಿತ್ತು, ಅದಕ್ಕೇ ಹೇಳುತ್ತಿದ್ದೇನೆ.

ಹಿಂದಿನ ಬೆಂಚು:
ಎಣಿಸಿದೆ. ಕಮಿಟಿಯಲ್ಲಿ ಒಂಬತ್ತು ಜನ, ಎಂಟು ಕನ್ನಡ, ಒಬ್ಬರು ತಮಿಳು. ಆ ಒಬ್ಬರು ನಮ್ಮ ಮಾವ, ಮನೆಯಲ್ಲಿ ಮಾತಾಡುವುದೂ ಕನ್ನಡವೇ. ನಾಚಿಕೆ ಆಯಿತು. ಮುಂದಿನ ಮೊದಲ ಭಾನುವಾರದ ಬೈಬಲ್ ಪಾಠಕ್ಕೆ ಇಬ್ಬರು ಮಿಜೋ ಹುಡುಗಿಯರನ್ನು ಕೇಳಿದ್ದೇನೆ, ಅವರ ಭಾಷೆಯಲ್ಲೇ ಓದುತ್ತಾರೆ. ಶನಿವಾರ ಸಂಜೆ ಹಾಡಿನ ಅಭ್ಯಾಸ ಇಟ್ಟಿದ್ದೇವೆ. ಆ ಅಜ್ಜಿಗೆ ಹೇಳಿದರೆ, "ಡೋಲು ಬರುತ್ತಾ? ಹಾಗಾದ್ರೆ ಮುಂದೆ ಜಾಗ ಇಡು" ಅಂದರು.