ಜಾರ್ಮೋ ದಿಬ್ಬದಲ್ಲಿ ನೋಡೋಕೆ ಏನಿದೆ?

ಪ್ರಶ್ನೆ: ಕೆಲಸದ ಮೇಲೆ ಆರು ತಿಂಗಳು ಇರಾಕಿನ ಸುಲೈಮಾನಿಯಾದಲ್ಲಿ ಇರುತ್ತೇನೆ. ಚಮ್‌ಚಮಾಲ್ ಹತ್ತಿರದ ಜಾರ್ಮೋ ನೋಡುವ ಆಸೆ. ಸುಮಾರು 9,000 ವರ್ಷದ ಹಿಂದಿನ ರೈತರ ಊರಂತೆ. ಹೋದವರು "ಬರೀ ದಿಬ್ಬ" ಅನ್ನುತ್ತಾರೆ. ಹೋಗಲೋ ಬೇಡವೋ?

ಉತ್ತರ: ಬರೀ ದಿಬ್ಬವೇ. ನಾನೂ ಕಾರಿಳಿದು "ಇದೇನಾ?" ಅಂದಿದ್ದೆ. ನಮ್ಮ ಕಡೆಯ ಹಾಳೂರು ದಿನ್ನೆ ಥರ. ಮೇಲೆ ಹತ್ತಿ ಸೆಲ್ಫಿ ತಗೊಂಡು ಬಂದರೆ ಪೆಟ್ರೋಲು ದಂಡ. ಹಳ್ಳದ ಕಡೆಯ ಅಂಚಿಗೆ ಹೋಗಿ. ದಿಬ್ಬದ ಒಂದು ಪಾಲನ್ನು ಆ ಹಳ್ಳವೇ ಕೊರೆದು ತಿಂದಿದೆ. ಹಳೇ ಮನೆ ಬಿದ್ದ ಜಾಗದಲ್ಲೇ ಹೊಸದು ಕಟ್ಟಿ ಕಟ್ಟಿ, ಕಾಲ ಕೆಳಗೆ ಸುಮಾರು 7 ಮೀಟರ್ ಆಳದವರೆಗೆ ಮನೆ ಮೇಲೆ ಮನೆ. ಒಂದು ಹೊತ್ತಿಗೆ 20–25 ಮನೆ, ಹೆಚ್ಚೆಂದರೆ 150 ಜನ ಇದ್ದಿರಬಹುದು ಅಂತ ಲೆಕ್ಕ.

ಉತ್ತರ: ಹೋಗುವ ಮುಂಚೆ ಓದಿಕೊಂಡು ಹೋಗಿ, ಇಲ್ಲದಿದ್ದರೆ ಬೇಜಾರಾಗುತ್ತದೆ. 1948ರಲ್ಲಿ ಅಗೆತ ಶುರು ಮಾಡಿದ್ದು ಚಿಕಾಗೋದ ಪುರಾತತ್ವಜ್ಞ ರಾಬರ್ಟ್ ಬ್ರೇಡ್‌ವುಡ್. ಆಮೇಲಾಮೇಲೆ ಸಸ್ಯ, ಪ್ರಾಣಿ, ಭೂವಿಜ್ಞಾನದವರನ್ನೂ ಕರೆತಂದರು. ಆಗ ಅದು ಹೊಸ ರೂಢಿ. ನನಗೆ ಹಿಡಿಸಿದ್ದು ಗೋಡೆ. ಇಟ್ಟಿಗೆ ಇಲ್ಲ. ಕಲಸಿದ ಮಣ್ಣನ್ನು ಒಂದು ವರಸೆ ಇಟ್ಟು, ಒಣಗಲು ಬಿಟ್ಟು, ಮೇಲೆ ಇನ್ನೊಂದು ವರಸೆ. ನಮ್ಮಜ್ಜಿ ಮನೆ ಗೋಡೆಯೂ ಹೀಗೇ ಎದ್ದದ್ದು! ನೆಲಕ್ಕೆ ಜೊಂಡು ಹಾಸಿ ಮೇಲೆ ಮಣ್ಣು ಮೆತ್ತುತ್ತಿದ್ದರು.

ಉತ್ತರ: ಎಲ್ಲರೂ ಮಾರ್ಚ್‌ನಲ್ಲಿ ನೌರೋಜ್ (ಅಲ್ಲಿನ ಹೊಸ ವರ್ಷದ ಹಬ್ಬ) ಹೊತ್ತಿಗೆ ಹೋಗಿ ಅನ್ನುತ್ತಾರೆ, ಗುಡ್ಡವೆಲ್ಲ ಹಸಿರು. ನಾನು ಒಪ್ಪಲ್ಲ. ಮೇ ತಿಂಗಳಲ್ಲಿ ಹೋಗಿ. ಸುತ್ತಲಿನ ಬೋರೆಯಲ್ಲಿ ಕಾಡು ಬಾರ್ಲಿ ಬಲಿತಿರುತ್ತದೆ. ತೆನೆಗೆ ಬೆರಳು ತಾಗಿಸಿದರೆ ಸಾಕು, ಮೇಲಿನಿಂದ ಕಾಳುಕಾಳಾಗಿ ಉದುರುತ್ತದೆ. ಹೊಲದ ಬಾರ್ಲಿ ಹಾಗಲ್ಲ, ಬಡಿಯುವ ತನಕ ಕಾಳು ಬಿಡಲ್ಲ. ಉದುರದೆ ನಿಂತ ತೆನೆಯನ್ನೇ ಕೊಯ್ದು, ಅದನ್ನೇ ಮತ್ತೆ ಬಿತ್ತಿ ಬಿತ್ತಿ ಬೆಳೆ ಹೀಗಾಯಿತು. ಜಾರ್ಮೋದಲ್ಲಿ ಸಿಕ್ಕ ಬಾರ್ಲಿ ಕಾಡಿನದಕ್ಕೆ ತುಂಬಾ ಹತ್ತಿರ, ಆದರೆ ಉದುರದ ಜಾತಿ. ಕಾಡು ತೆನೆಯನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ದಿಬ್ಬ ಬೋರು ಅನ್ನಿಸಲಿಲ್ಲ.

ಉತ್ತರ: ಸ್ಥಳೀಯರ ಜೊತೆ ಹೋಗಿ. ಆ ಕಡೆ ಗುಡ್ಡಗಳಲ್ಲಿ ಹಳೇ ನೆಲಬಾಂಬುಗಳ ಭಯ ಇದೆ, ದಾರಿ ಬಿಟ್ಟು ಸುಮ್ನೆ ಅಲೆಯಬೇಡಿ. ಮಡಕೆ ಚೂರು, ಕರಿಗಾಜಿನಂಥ ಕಲ್ಲು ಕಂಡರೆ ಮುಟ್ಟಬೇಡಿ. 2022ರಲ್ಲಿ ದಕ್ಷಿಣ ಇರಾಕಿನಿಂದ ಚೂರು ಎತ್ತಿಕೊಂಡ ಬ್ರಿಟಿಷ್ ಪ್ರವಾಸಿಗೆ 15 ವರ್ಷ ಜೈಲು ಅಂದಿದ್ದರು. ಆಮೇಲೆ ಶಿಕ್ಷೆ ರದ್ದಾಯಿತು, ಅದು ಬೇರೆ ಮಾತು.

ಕೇಳಿದವರು: ಸರಿ, ಮೇನಲ್ಲೇ ಹೋಗುತ್ತೇನೆ. ಒಂದು ಕಾಡು ಬಾರ್ಲಿ ತೆನೆ ತರಬಹುದಾ?

ಉತ್ತರ: ತರೋಕೆ ಆದರೆ ತಾನೇ? ಕಾರಿನ ಹತ್ತಿರ ಬರೋ ಹೊತ್ತಿಗೆ ಕೈಯಲ್ಲಿ ಕಡ್ಡಿ ಮಾತ್ರ ಇರುತ್ತದೆ.