ಫ್ರೀ ಆಂಟಿವೈರಸ್ ಇದ್ದರೆ ನೆಟ್ ಬ್ಯಾಂಕಿಂಗ್‌ಗೆ ಸಾಕಾ? (ತೋಟ, ಹೋಂಸ್ಟೇ ಎರಡಕ್ಕೂ ಒಂದೇ ಲ್ಯಾಪ್‌ಟಾಪ್)

ನಾಪೋಕ್ಲು_ತೋಟ:
ಇರೋದು ಒಂದೇ ಲ್ಯಾಪ್‌ಟಾಪ್. ಐದನೇ ಜನರೇಶನ್ ಐ3, 8 ಜಿಬಿ ರ‍್ಯಾಮ್, ವಿಂಡೋಸ್ 10. ಕೊಂಡಾಗ ಬಂದಿದ್ದ ಆಂಟಿವೈರಸ್ ಟ್ರಯಲ್ ಮುಗಿದು ಹೋಗಿದೆ, ಈಗ ದಿನಾ ರಿನ್ಯೂ ಮಾಡಿ ಅಂತ ಕಾಟ. ಕೆಲಸದವರ ವಾರದ ಬಟವಾಡೆ, ಗೊಬ್ಬರದಂಗಡಿಗೆ ನೆಫ್ಟ್, ಕಾಫಿ ಮಾರಿದ ದುಡ್ಡು ಬಂತಾ ಅಂತ ನೋಡೋದು ಎಲ್ಲಾ ಇದರಲ್ಲೇ. ಹೋಂಸ್ಟೇಗೆ ಬಂದವರ ಆಧಾರ್ ಪ್ರಿಂಟ್ ತೆಗೆಯೋದು, ಅವರ ಪೆನ್‌ಡ್ರೈವ್ ಹಾಕೋದೂ ಉಂಟು. ಅಂಗಡಿಯವರು ದುಡ್ಡು ಕೊಟ್ಟು ಆಂಟಿವೈರಸ್ ತಗೊಳ್ಳಿ, ಇಲ್ಲದಿದ್ದರೆ ಬ್ಯಾಂಕಿಂಗ್ ಮಾಡಬೇಡಿ ಅಂತಾರೆ. ಗೊತ್ತಿದ್ದವರು ಹೇಳಿ, ಫ್ರೀ ಸಾಕಾ?

ಕುಶಾಲನಗರ_ಹಾರ್ಡ್‌ವೇರ್:
ಸಾಕು. ಆದರೆ ನಿಮ್ಮ ತೊಂದರೆ ಇರೋದು ಆಂಟಿವೈರಸ್‌ನಲ್ಲಲ್ಲ, ಆ ಲ್ಯಾಪ್‌ಟಾಪ್ ಬಳಸೋ ರೀತಿಯಲ್ಲಿ.

ಮೊದಲು ಟ್ರಯಲ್ ಮುಗಿದಿದ್ದನ್ನ ಕಂಟ್ರೋಲ್ ಪ್ಯಾನಲ್‌ನಿಂದ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಬೇರೆ ಆಂಟಿವೈರಸ್ ಕೂತಿದ್ದರೆ ವಿಂಡೋಸ್‌ನ ಸ್ವಂತ ಫ್ರೀ ಆಂಟಿವೈರಸ್ ಡಿಫೆಂಡರ್ ಬದಿಗೆ ಸರಿದಿರುತ್ತೆ. ಅದು ಹೋದ ಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು ರಿಯಲ್‌ಟೈಮ್, ಕ್ಲೌಡ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇದೆಯಾ ನೋಡಿ. ಅದೇ ಪುಟದ ಕೊನೇಲಿ ಎಕ್ಸ್‌ಕ್ಲೂಷನ್ಸ್ ಅಂತ ಇರುತ್ತೆ, ಅದನ್ನ ಯಾರೂ ತೆರೆದು ನೋಡಲ್ಲ. ಅಂಗಡಿಯಲ್ಲಿ ವಿಂಡೋಸ್ ಅಥವಾ ಆಫೀಸ್ ಕ್ರ್ಯಾಕ್ (ಲೈಸೆನ್ಸ್ ಕೊಳ್ಳದೆ ಓಡಿಸೋ ಕಳ್ಳದಾರಿ) ಹಾಕಿ ಕೊಟ್ಟಿದ್ದರೆ ಎಷ್ಟೋ ಸಲ ಇಡೀ ಸಿ ಡ್ರೈವ್ ಅಥವಾ ಆಕ್ಟಿವೇಟರ್ ಇರೋ ಫೋಲ್ಡರ್ ಅಲ್ಲಿ ಸೇರಿರುತ್ತೆ. ಆ ಜಾಗ ಬಿಟ್ಟು ಉಳಿದದ್ದನ್ನ ಮಾತ್ರ ನೋಡು ಅಂತ ಡಿಫೆಂಡರ್‌ಗೆ ಹೇಳಿದ ಹಾಗೆ. ಮೇಲೆ ಹಸಿರು ಟಿಕ್ ಕಾಣ್ತಾನೇ ಇರುತ್ತೆ. ಅಲ್ಲಿ ಏನಾದರೂ ಇದ್ದರೆ ತೆಗೆದು, ಆಮೇಲೆ ಆಫ್‌ಲೈನ್ ಸ್ಕ್ಯಾನ್ ಕೊಡಿ. ತಾನೇ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ತಗೊಳ್ಳುತ್ತೆ. ಮಳೆಗಾಲ ಆದರೆ ಬ್ಯಾಟರಿ ಪೂರ್ತಿ ಚಾರ್ಜ್ ಇದ್ದಾಗಲೇ ಮಾಡಿ, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ.

ದುಡ್ಡು ಕೊಟ್ಟರೆ ಏನು ಜಾಸ್ತಿ ಸಿಗುತ್ತೆ ಅಂದರೆ, ಒಂದೇ ಕಂಪನಿಯ ಫ್ರೀ ಮತ್ತು ಪೇಯ್ಡ್ ಎರಡರಲ್ಲೂ ವೈರಸ್ ಹಿಡಿಯೋ ಎಂಜಿನ್ ಸಾಮಾನ್ಯವಾಗಿ ಒಂದೇ. ಬ್ಯಾಂಕಿಂಗ್‌ಗೆ ಅಂತಲೇ ಬೇರೆ ಬ್ರೌಸರ್ ಕೆಲವದರಲ್ಲಿ ಬರುತ್ತೆ, ಕೀಲಾಗರ್ (ನೀವು ಟೈಪ್ ಮಾಡೋದನ್ನ ಕದಿಯೋ ಪ್ರೋಗ್ರಾಂ) ಮತ್ತು ಸ್ಕ್ರೀನ್‌ಶಾಟ್ ತಡೆಯೋಕೆ ಅದು ಉಪಯೋಗವೇ. ಉಳಿದದ್ದು ಹೆಚ್ಚಾಗಿ ಫೋನ್ ಸಪೋರ್ಟ್. ಫ್ರೀ ಅಂದಾಗ ಇನ್ನೊಂದು ಮಾತು: ಬಳಕೆದಾರರು ಯಾವ ಸೈಟ್ ನೋಡ್ತಾರೆ ಅನ್ನೋ ಮಾಹಿತಿ ಮಾರಿದ್ದಕ್ಕೆ ಅವಾಸ್ಟ್ ಅನ್ನೋ ಆಂಟಿವೈರಸ್ ಕಂಪನಿ 1.65 ಕೋಟಿ ಡಾಲರ್ ಕಟ್ಟಬೇಕು ಅಂತ ಅಮೆರಿಕದ ವಾಣಿಜ್ಯ ಆಯೋಗ 2024ರಲ್ಲಿ ಆದೇಶ ಮಾಡಿತು. ಡಿಫೆಂಡರ್ ಇರುವಾಗ ಇನ್ನೊಂದು ಫ್ರೀ ಆಂಟಿವೈರಸ್ ತಂದು ಕೂರಿಸೋ ಅಗತ್ಯ ಇಲ್ಲ.

ಈಗ ಅಸಲಿ ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಡಿಫೆಂಡರ್‌ನ ವೈರಸ್ ಪಟ್ಟಿ ಅಪ್‌ಡೇಟ್ ಆಗ್ತಾ ಇರುತ್ತೆ, ಆದರೆ ವಿಂಡೋಸ್‌ನಲ್ಲೇ ಹೊಸ ತೂತು ಸಿಕ್ಕರೆ ಮುಚ್ಚೋರಿಲ್ಲ. ನಿಮ್ಮ ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ, ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಎಕ್ಸ್‌ಟೆಂಡೆಡ್ ಅಪ್‌ಡೇಟ್‌ಗೆ ಸೇರೋ ಲಿಂಕ್ ಇರುತ್ತೆ, ಸೇರಿದರೆ ಆ ತೂತು ಮುಚ್ಚೋ ಅಪ್‌ಡೇಟ್ ಇನ್ನಷ್ಟು ಕಾಲ ಬರುತ್ತೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲ. ಮನೆ ಬಳಕೆಯವರಿಗೆ ಅದು ನಿಲ್ಲೋದಕ್ಕೆ ಮೊದಲು ಇಟ್ಟ ಗಡುವು 2026ರ ಅಕ್ಟೋಬರ್. ಆಂಟಿವೈರಸ್‌ಗೆ ಇಟ್ಟಿರೋ ದುಡ್ಡನ್ನ ಹೊಸ ಮೆಷಿನ್‌ಗೆ ಕೂಡಿಡಿ.

ಮಿಂಟ್_ಸೋಮವಾರಪೇಟೆ:
ಆ ಮೆಷಿನ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ (ಫ್ರೀ ಆಪರೇಟಿಂಗ್ ಸಿಸ್ಟಮ್) ಹಾಕಿಬಿಡಿ, 8 ಜಿಬಿ ರ‍್ಯಾಮ್‌ಗೆ ಧಾರಾಳ. ಪೆನ್‌ಡ್ರೈವ್‌ನಲ್ಲಿ ಬರೋ ವಿಂಡೋಸ್ ವೈರಸ್ ಅಲ್ಲಿ ಓಡೋದೇ ಇಲ್ಲ. ನೆಟ್ ಬ್ಯಾಂಕಿಂಗ್ ಬ್ರೌಸರ್‌ನಲ್ಲೇ ನಡೆಯೋದು, ಫೈರ್‌ಫಾಕ್ಸ್ ಸಾಕು.

ಕುಶಾಲನಗರ_ಹಾರ್ಡ್‌ವೇರ್:
ಬ್ಯಾಂಕಿಂಗ್‌ಗೆ ಮಾತ್ರ ಆದರೆ ಒಪ್ಪಿದೆ. ಲೆಕ್ಕ ಟ್ಯಾಲಿಯಲ್ಲಿ ಇದ್ದರೆ ಕಷ್ಟ, ಡಿಜಿಟಲ್ ಸಿಗ್ನೇಚರ್ ಟೋಕನ್‌ಗೆ ಡ್ರೈವರ್ ಹೊಂದಿಸೋದೂ ತಲೆನೋವು. ನಕಲಿ ಬ್ಯಾಂಕ್ ಸೈಟ್ ಮಾತ್ರ ಮಿಂಟ್‌ನಲ್ಲೂ ಅಷ್ಟೇ ಚೆನ್ನಾಗಿ ತೆರೆಯುತ್ತೆ.

ಪೆನ್‌ಡ್ರೈವ್ ವಿಷಯ ಬಂತಲ್ಲ. ಜೆರಾಕ್ಸ್ ಅಂಗಡಿ ಸುತ್ತಿ ಬಂದ ಪೆನ್‌ಡ್ರೈವ್ ತೆರೆದರೆ ಕೆಲವೊಮ್ಮೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ, ಐಕಾನ್ ಮೂಲೆಯಲ್ಲಿ ಸಣ್ಣ ಬಾಣ. ಡಬಲ್ ಕ್ಲಿಕ್ ಮಾಡಿದರೆ ಫೋಲ್ಡರೂ ತೆರೆಯುತ್ತೆ, ಹಿಂದೆ ವೈರಸ್ಸೂ ಓಡುತ್ತೆ. ಹಾಗಾಗಿ ಅನುಮಾನ ಬರಲ್ಲ. ಗೆಸ್ಟ್‌ಗಳ ಪೆನ್‌ಡ್ರೈವ್ ಮುಟ್ಟಲೇಬೇಡಿ. ವೈಫೈ ಪ್ರಿಂಟರ್ ಇದ್ದರೆ ಫೈಲ್‌ನ ನಿಮ್ಮ ಫೋನಿಗೆ ಕಳಿಸೋಕೆ ಹೇಳಿ ಅಲ್ಲಿಂದಲೇ ಪ್ರಿಂಟ್ ಕೊಡಿ. ಲ್ಯಾಪ್‌ಟಾಪೇ ಬೇಕು ಅಂದರೆ ಬ್ಯಾಂಕಿಂಗ್‌ಗೆ ಬೇರೆ ವಿಂಡೋಸ್ ಯೂಸರ್ ಮಾಡಿ, ಅಡ್ಮಿನ್ ಅಲ್ಲ, ಸ್ಟ್ಯಾಂಡರ್ಡ್. ಬ್ಯಾಂಕ್ ಪಾಸ್‌ವರ್ಡ್ ಬ್ರೌಸರ್‌ನಲ್ಲಿ ಸೇವ್ ಮಾಡಬೇಡಿ, ಈಗಿನ ಕಳ್ಳ ಪ್ರೋಗ್ರಾಂಗಳು ಮೊದಲು ಕೈ ಹಾಕೋದು ಅಲ್ಲಿಗೇ. ರೌಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ ಬಂದವರಿಗೆ ಆ ಪಾಸ್‌ವರ್ಡ್ ಮಾತ್ರ ಕೊಡಿ.

ಕೌಂಟರ್_ವಿರಾಜಪೇಟೆ:
ಬ್ಯಾಂಕಿನ ಕಡೆಯಿಂದ ನೋಡಿದರೆ, ಲ್ಯಾಪ್‌ಟಾಪ್ ವೈರಸ್‌ನಿಂದ ದುಡ್ಡು ಹೋಗೋದಕ್ಕಿಂತ ಫೋನ್‌ನಿಂದ ಹೋಗೋದೇ ಹೆಚ್ಚು. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಅಂತ ಎಪಿಕೆ ಫೈಲ್ (ಆಂಡ್ರಾಯ್ಡ್ ಆ್ಯಪ್ ಇನ್‌ಸ್ಟಾಲ್ ಮಾಡೋ ಫೈಲ್) ಬರುತ್ತೆ. ಇನ್‌ಸ್ಟಾಲ್ ಆದ ಕೂಡಲೇ ಎಸ್ಸೆಮ್ಮೆಸ್ ಓದೋ ಅನುಮತಿ ಕೇಳುತ್ತೆ. ಕೊಟ್ಟರೆ ಒಟಿಪಿ ನಿಮಗಿಂತ ಮೊದಲು ಅವರಿಗೆ ಹೋಗುತ್ತೆ. ಕರೆಯೋಲೆ ಪಿಡಿಎಫ್ ಅಥವಾ ಫೋಟೋ ಆಗಿ ಬರುತ್ತೆ, ಎಪಿಕೆ ಆಗಿ ಬರಲ್ಲ. ಪ್ಲೇ ಸ್ಟೋರ್‌ನಲ್ಲಿ ಪ್ಲೇ ಪ್ರೊಟೆಕ್ಟ್ (ಕೆಟ್ಟ ಆ್ಯಪ್ ಹುಡುಕೋ ವ್ಯವಸ್ಥೆ) ಆನ್ ಇರಲಿ, ವಾಟ್ಸಾಪ್‌ಗೂ ಬ್ರೌಸರ್‌ಗೂ ಅಪರಿಚಿತ ಆ್ಯಪ್ ಇನ್‌ಸ್ಟಾಲ್ ಮಾಡೋ ಅನುಮತಿ ಆಫ್ ಇರಲಿ.

ಬ್ಯಾಂಕ್ ಸೈಟ್‌ನ ಗೂಗಲ್‌ನಲ್ಲಿ ಹುಡುಕಿ ಹೋಗಬೇಡಿ. ರಿಸರ್ವ್ ಬ್ಯಾಂಕ್ ಎಲ್ಲಾ ಬ್ಯಾಂಕ್‌ಗಳಿಗೂ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಹೋಗಿ ಅಂತ ಹೇಳಿದೆ. ಸೈಟ್ ಹೆಸರಿನ ಕೊನೆ (ಮುಂದಿನ '/' ಗೆರೆಗೆ ಮೊದಲು) ಅದೇ ಇದೆಯಾ ನೋಡಿ, ಒಮ್ಮೆ ಬುಕ್‌ಮಾರ್ಕ್ ಮಾಡಿಟ್ಟು ಅಲ್ಲಿಂದಲೇ ಹೋಗಿ. ಬೀಗದ ಚಿಹ್ನೆ ನಕಲಿ ಸೈಟಿಗೂ ಇರುತ್ತೆ. ನಾನು ರೋಬೋಟ್ ಅಲ್ಲ ಅಂತ ತೋರಿಸೋಕೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಪೇಸ್ಟ್ ಮಾಡಿ ಎಂಟರ್ ಹೊಡೀರಿ ಅಂದರೆ ತಕ್ಷಣ ಮುಚ್ಚಿ. ಕಳ್ಳ ಕಮಾಂಡ್‌ನ ನಿಮ್ಮ ಕೈಯಲ್ಲೇ ಓಡಿಸೋ ಉಪಾಯ ಅದು, ಆಂಟಿವೈರಸ್ ತಡೆಯುತ್ತೆ ಅಂತ ನಂಬೋಕಾಗಲ್ಲ.

ಇವತ್ತೇ ನೆಟ್ ಬ್ಯಾಂಕಿಂಗ್‌ನಲ್ಲಿ ದಿನದ ಮಿತಿ ಇಳಿಸಿ. ಬಟವಾಡೆಗೆ 40 ಸಾವಿರ ಬೇಕಾದರೆ ಮಿತಿ 50 ಸಾವಿರ ಸಾಕು, 5 ಲಕ್ಷ ಯಾಕೆ? ಬೆಳೆ ದುಡ್ಡು ಒಂದು ಖಾತೆಗೆ ಬರಲಿ, ದಿನದ ವ್ಯವಹಾರ ಇನ್ನೊಂದರಲ್ಲಿ. ನೆಫ್ಟ್, ಆರ್‌ಟಿಜಿಎಸ್‌ಗೆ ಹೊಸ ಖಾತೆ ಸೇರಿಸುವಾಗ ಖಾತೆದಾರರ ಹೆಸರು ತೋರಿಸೋ ಸೌಲಭ್ಯ 2025ರ ಏಪ್ರಿಲ್‌ನಿಂದ ಇದೆ. ಗೊಬ್ಬರದಂಗಡಿ ಹೆಸರಲ್ಲಿ ಹೊಸ ಖಾತೆ ನಂಬರ್ ಮೆಸೇಜ್ ಬಂದರೆ ಆ ಹೆಸರು ನೋಡಿ, ಅಂಗಡಿಯವರಿಗೆ ಫೋನ್ ಮಾಡಿ, ಆಮೇಲೆ ಕಳಿಸಿ.

ದುಡ್ಡು ಹೋದರೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ, ಜೊತೆಗೇ ಬ್ಯಾಂಕಿಗೆ. ಯುಪಿಐ ಆದರೆ 12 ಅಂಕಿಯ ರೆಫರೆನ್ಸ್ ನಂಬರ್ ಕೈಲಿರಲಿ. ದುಡ್ಡು ಮುಂದಿನ ಖಾತೆಗೆ ದಾಟೋ ಮೊದಲು ಹೇಳಿದರೆ ತಡೆಹಿಡಿಯೋಕೆ ಆಗುತ್ತೆ. ರಿಸರ್ವ್ ಬ್ಯಾಂಕ್‌ನ 2017ರ ಜುಲೈ ಸುತ್ತೋಲೆ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೋದ ದುಡ್ಡಿಗೆ, ಬ್ಯಾಂಕಿನ ಮೆಸೇಜ್ ಬಂದು 3 ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮಗಿರಲಿಲ್ಲ. ಒಟಿಪಿ ನೀವೇ ಕೊಟ್ಟಿದ್ದರೆ, ತಿಳಿಸೋವರೆಗಿನ ನಷ್ಟ ನಿಮ್ಮದೇ ಆಗಿತ್ತು; ಈಗಿನ ನಿಯಮ ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

ನಾಪೋಕ್ಲು_ತೋಟ:
ಟ್ರಯಲ್ ತೆಗೆದೆ, ಎಕ್ಸ್‌ಕ್ಲೂಷನ್ಸ್ ಖಾಲಿ ಇದೆ. ಸಿಮ್ ಕದಿಯೋದು (ನಮ್ಮ ನಂಬರ್‌ಗೆ ಕಳ್ಳರು ಇನ್ನೊಂದು ಸಿಮ್ ತಗೊಳ್ಳೋದು) ಅಂತಾರಲ್ಲ, ನೆಟ್‌ವರ್ಕ್ ಹೋದರೆ ಅನುಮಾನ ಪಡಿ ಅಂತ. ನಮ್ಮಲ್ಲಿ ಜುಲೈ ಬಂದರೆ ಟವರ್ ಇರೋದೇ ಅಪರೂಪ, ಗೊತ್ತಾಗೋದು ಹೇಗೆ?

ಕೌಂಟರ್_ವಿರಾಜಪೇಟೆ:
ಅದೇ ಕಂಪನಿ ಸಿಮ್ ಇರೋ ಇನ್ನೊಂದು ಫೋನ್ ನೋಡಿ. ಅದೂ ಸತ್ತಿದ್ದರೆ ಟವರ್ ಸಮಸ್ಯೆ. ಅದಕ್ಕೆ ಸಿಗ್ನಲ್ ಇದ್ದು, ಫೋನ್ ಆಫ್ ಮಾಡಿ ಆನ್ ಮಾಡಿದ ಮೇಲೂ ನಿಮ್ಮದಕ್ಕೆ ಮಾತ್ರ ಇಲ್ಲ ಅಂದರೆ ಬೇರೆ ಫೋನ್‌ನಿಂದ ಮೊದಲು ಬ್ಯಾಂಕಿಗೆ ಹೇಳಿ ನೆಟ್ ಬ್ಯಾಂಕಿಂಗ್, ಯುಪಿಐ ನಿಲ್ಲಿಸಿ, ಆಮೇಲೆ ಸಿಮ್ ಕಂಪನಿಗೆ. ಬ್ಯಾಂಕಿನ ಅಲರ್ಟ್ ಇಮೇಲ್‌ಗೂ ಬರೋ ಹಾಗೆ ಮಾಡಿಸಿಕೊಳ್ಳಿ. ಟವರ್ ಇಲ್ಲದಿದ್ದರೂ ಮನೆ ಫೈಬರ್ ನಡೀತಿದ್ದರೆ ಅದು ಕಾಣಿಸುತ್ತೆ.